ಮಂಗನ ಕಾಯಿಲೆಯಿಂದ ಬದುಕಿ ಬಂದವರು ಇಲ್ಲಿ ಯಾರಾದ್ರೂ ಇದ್ದೀರಾ? ಆಮೇಲೆ ಹೇಗಿದ್ದೀರಿ?

ಬೆಟ್ಟದಮನೆ · ಭಾನುವಾರ, ರಾತ್ರಿ 10:20

ಈ ವೇದಿಕೆಗೆ ಸೇರಿ ಮೂರು ವರ್ಷ ಆಯ್ತು. ಕೊಳೆರೋಗ, ಬೋರ್ಡೋ ದ್ರಾವಣ, ಅಡಿಕೆ ಧಾರಣೆ ಬಿಟ್ಟು ಬೇರೆ ಏನೂ ಬರೆದವನಲ್ಲ ನಾನು. ಇವತ್ತು ಬರೀತಿರೋದು ಯಾಕೆ ಅಂದ್ರೆ ಡಿಸೆಂಬರ್ ಬಂತು, ನಿದ್ದೆ ಹೋಯ್ತು. ಇದು ಆರನೇ ವರ್ಷ.

ಸಾಗರ ತಾಲೂಕು, ಎರಡೂವರೆ ಎಕರೆ ತೋಟ. 2019ರ ಫೆಬ್ರವರಿಯಲ್ಲಿ ನನಗೆ ಮಂಗನ ಕಾಯಿಲೆ ಬಂತು. ಆ ವರ್ಷ ಅರಳಗೋಡಿನ ಸುತ್ತಮುತ್ತ ಏನಾಯ್ತು ಅಂತ ಪೇಪರ್ ಓದೋರಿಗೆ ನೆನಪಿರಬಹುದು. ಮೊದಲು ಮುಸ್ಯಗಳು (ಕಪ್ಪು ಮುಖದ ಮಂಗಗಳು) ಸತ್ತು ಬಿದ್ದವು, ಆಮೇಲೆ ಮನುಷ್ಯರು. ನನ್ನದು ಮೊದಲ ದಿನ ಬರೀ ತಲೆನೋವು. ಹಣೆ ಒಳಗಿನಿಂದ ಒಡೆದು ಹೊರಗೆ ಬರ್ತದೆ ಅನ್ನೋ ಥರ. ಮಾರನೇ ದಿನ ಕಣ್ಣು ಕೆಂಪು, ಸೊಂಟ, ಮೀನಖಂಡ ಎಲ್ಲ ಒನಕೆಯಲ್ಲಿ ಕುಟ್ಟಿದ ಹಾಗೆ. ಪ್ಲೇಟ್‌ಲೆಟ್ ಇಳೀತು, ವಸಡಲ್ಲಿ ರಕ್ತ ಬಂತು, ಮಣಿಪಾಲಕ್ಕೆ ಒಯ್ದರು. ಹನ್ನೆರಡು ದಿನ. ಮನೆಗೆ ಬಂದು ಒಂದು ವಾರ ಗಂಜಿ ಉಪ್ಪಿನಕಾಯಿ ತಿಂದು ಆರಾಮಾದೆ ಅಂದ್ಕೊಂಡೆ. ಮತ್ತೆ ಜ್ವರ. ಈ ಸಲ ಕೈ ನಡುಕ, ಮಾತು ತೊದಲು. ಹೆಂಡತಿಯನ್ನ ತಂಗಿ ಹೆಸರಲ್ಲಿ ಕರೆದೆನಂತೆ, ಕೊಟ್ಟಿಗೆ ಬೀಗ ಹಾಕಿದ್ರಾ ಅಂತ ರಾತ್ರಿಯಿಡೀ ಕೇಳ್ತಿದ್ದೆನಂತೆ. ನನಗೆ ಒಂದೂ ನೆನಪಿಲ್ಲ.

ಬದುಕಿದೆ. ಊರವರೆಲ್ಲ ಬಂದು 'ಪುಣ್ಯ ಮಾಡಿದ್ದಿ ಮಾರಾಯ' ಅಂದರು. ಅಲ್ಲಿಗೆ ಕಥೆ ಮುಗೀತು ಅಂತ ಎಲ್ಲರ ಲೆಕ್ಕ.

ನನ್ನ ಲೆಕ್ಕ ಬೇರೆ. ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರೋ ಕಾಡಿಗೆ) ಕಾಲಿಟ್ಟಿಲ್ಲ. ಬೆಟ್ಟಕ್ಕೆ ಹೋಗದೆ ತೋಟ ಮಾಡೋದು ಹೇಗೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದರಕು (ಉದುರಿದ ಒಣ ಎಲೆ) ಇಲ್ಲ, ಸೊಪ್ಪು ಇಲ್ಲ, ಕೊಟ್ಟಿಗೆ ಹಾಸಿಗೆ ಇಲ್ಲ, ಗೊಬ್ಬರ ಇಲ್ಲ. ಭತ್ತದ ಹುಲ್ಲು, ತೆಂಗಿನ ನಾರು ದುಡ್ಡು ಕೊಟ್ಟು ತರ್ತೀನಿ. ಮಗಳು ಸ್ಕೂಲಿಂದ ಬಂದ ಕೂಡಲೇ ಅವಳ ಕಾಲು, ಕಂಕುಳು, ಕಿವಿ ಹಿಂದೆ ಬ್ಯಾಟರಿ ಬಿಟ್ಟು, ಈ ಕಾಯಿಲೆ ತರೋ ಉಣುಗು (ಉಣ್ಣೆ) ಹುಡುಕ್ತೀನಿ. ಅವಳಿಗೆ ಈಗ ಹನ್ನೆರಡು. 'ಅಪ್ಪ ಸಾಕು' ಅಂತ ಅಳ್ತಾಳೆ. ಒಂದು ಸಣ್ಣ ತಲೆನೋವು ಬಂದ್ರೆ ನಾನು ಕನ್ನಡಿ ಮುಂದೆ ನಿಂತು ಕಣ್ಣು ಕೆಂಪಾಯ್ತಾ ಅಂತ ಅರ್ಧ ಗಂಟೆ ನೋಡ್ತೀನಿ.

ಹೆಂಡತಿ ಡಾಕ್ಟರಿಗೆ ತೋರಿಸಿ ಅಂತಾಳೆ. ಯಾವ ಡಾಕ್ಟರಿಗೆ? ರಕ್ತ ಪರೀಕ್ಷೆ ಎಲ್ಲ ಸರಿ ಇದೆ. ಹೀಗೆ ಬೇರೆ ಯಾರಿಗಾದ್ರೂ ಆಗಿದೆಯಾ? ನಮ್ಮ ಬೆಟ್ಟಕ್ಕೆ ಅದೇ ವಾರ ದರಕಿಗೆ ಹೋಗಿದ್ದ ಒಬ್ಬ ಹೆಂಗಸು ತೀರಿಕೊಂಡರು. ಅದರದ್ದೂ ಒಂದು ಇದೆ.

---

ಕಾಫಿಪುಡಿ_ಗೌಡ · ಭಾನುವಾರ, ರಾತ್ರಿ 10:51

ಜೀವ ಉಳೀತಲ್ಲ ಸ್ವಾಮಿ, ಅದಕ್ಕಿಂತ ಇನ್ನೇನು ಬೇಕು? ಜಾಸ್ತಿ ಯೋಚನೆ ಮಾಡಿದ್ರೆ ಇಲ್ಲದ ರೋಗ ಬರುತ್ತೆ. ಬೆಳಗ್ಗೆ ಎದ್ದು ಪ್ರಾಣಾಯಾಮ ಮಾಡಿ, ಮನಸ್ಸು ಗಟ್ಟಿ ಮಾಡ್ಕೊಳ್ಳಿ. ನಮ್ಮಜ್ಜ ಪ್ಲೇಗು ನೋಡಿದವರು, ಹೀಗೆಲ್ಲ ಹೇಳ್ತಿರಲಿಲ್ಲ.

---

ಸೊಸೆ_ಹೊಸನಗರ · ಭಾನುವಾರ, ರಾತ್ರಿ 11:15

ಗೌಡ್ರೇ, ನಿಮ್ಮಜ್ಜ ಹೇಳ್ತಿರಲಿಲ್ಲ ಅಂದ್ರೆ ಅಜ್ಜಿಯನ್ನ ಕೇಳಬೇಕಿತ್ತು ನೀವು.

ಬೆಟ್ಟದಮನೆ ಅಣ್ಣ, ನಮ್ಮ ಮನೆಯಲ್ಲಿ ಬಂದಿದ್ದು ನಮ್ಮವರಿಗೆ. ಮೂರು ವರ್ಷ ಆಯ್ತು. ಮೊದಲು ಅವರು ಹೇಗಿದ್ರು ಅಂದ್ರೆ, ಯಕ್ಷಗಾನ ಇದೆ ಅಂದ್ರೆ ಹದಿನೈದು ಕಿಲೋಮೀಟರ್ ಬೈಕಲ್ಲಿ ಹೋಗಿ ಬೆಳಗಿನ ಜಾವ ಬರೋರು. ಈಗ ಸಂಜೆ ಏಳಕ್ಕೆ ಬಾಗಿಲು ಹಾಕ್ಕೊಂಡು ಕೂರ್ತಾರೆ. ಸಿಟ್ಟು ಬರುತ್ತೆ, ಎಂಥದ್ದಕ್ಕೂ ಬರುತ್ತೆ. ಒಂದು ದಿನ ಸಾರಿಗೆ ಉಪ್ಪು ಜಾಸ್ತಿ ಅಂತ ಪಾತ್ರೆ ಸಮೇತ ಅಂಗಳಕ್ಕೆ ಎಸೆದು, ಆಮೇಲೆ ತಾವೇ ಹೋಗಿ ಅದನ್ನ ಎತ್ತಿ ತೊಳೆದಿಟ್ಟರು. ನನ್ನ ಮುಖ ನೋಡಲಿಲ್ಲ ಎರಡು ದಿನ.

ಹೆಸರು ಮರೀತಾರೆ. ಸೊಸೈಟಿಯಲ್ಲಿ ಲೆಕ್ಕ ಬರೀತಿದ್ದ ಮನುಷ್ಯ, ಈಗ ಕೂಡಿಸೋದು ತಪ್ಪುತ್ತೆ. ತಪ್ಪಿದ್ದು ಬೇರೆಯವರಿಗೆ ಗೊತ್ತಾಗಬಾರದು ಅಂತ ಕೆಲಸವನ್ನೇ ಬಿಟ್ಟರು. 'ಸೊಂಟನೋವು' ಅಂತ ಹೇಳಿ ಬಿಟ್ಟಿದ್ದು. ಜ್ವರ ತಲೆಗೆ ಹತ್ತಿ ಬುದ್ಧಿ ಕೆಟ್ಟಿದೆ ಅಂತ ಜನ ಆಡ್ಕೋತಾರೆ ಅನ್ನೋ ಭಯ.

ನಿಮ್ಮ ಹೆಂಡತಿಗೆ ಹೇಳಿ, ನಾನು ಇಲ್ಲಿ ಇದ್ದೀನಿ ಅಂತ. ರೋಗಿಯನ್ನ ನೋಡ್ಲಿಕ್ಕೆ ಎಲ್ಲರೂ ಬರ್ತಾರೆ. ಅವನ ಹೆಂಡತಿ ಹತ್ರ 'ನೀನು ಉಂಡ್ಯಾ' ಅಂತ ಯಾರೂ ಕೇಳಲ್ಲ.

---

ಆಶಾ_ಅಕ್ಕ · ಸೋಮವಾರ, ಬೆಳಿಗ್ಗೆ 6:05

ತೀರ್ಥಹಳ್ಳಿ ಕಡೆ ಆಶಾ ಕಾರ್ಯಕರ್ತೆ ನಾನು, ಹದಿನಾಲ್ಕು ವರ್ಷ. ಡಿಸೆಂಬರಿಂದ ಮೇ ತನಕ ನಮ್ಮ ಕೈಯಲ್ಲಿ ಉಣುಗು ಹತ್ತದ ಹಾಗೆ ಹಚ್ಚೋ ದೀಪಾ ಎಣ್ಣೆ ಬಾಟಲಿ ಇರ್ತದೆ, ಕಾಡಿಗೆ ಹೋಗೋ ಮೊದಲು ಕೈಕಾಲಿಗೆ ಹಚ್ಕೊಳ್ಳಿ ಅಂತ ಮನೆ ಮನೆಗೆ ಹೇಳೋದು. ಮಂಗ ಸತ್ತರೆ ಪಂಚಾಯ್ತಿಗೆ ಫೋನು, ಸತ್ತ ಜಾಗದ ಸುತ್ತ 50 ಅಡಿ ಉಣುಗು ಕೊಲ್ಲೋ ಮೆಲಾಥಿಯನ್ ಪುಡಿ.

ಮೊದಲು ಒಂದು ಮಾತು, ಯಾಕಂದ್ರೆ ಓದೋರಲ್ಲಿ ಹೊಸಬರೂ ಇರ್ತಾರೆ. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಅಂಟೋದಿಲ್ಲ. ಉಣುಗು ಕಚ್ಚಿದ್ರೆ ಬರೋದು. ಸಣ್ಣ ಮರಿ ಉಣುಗು, ಎಳ್ಳಿನಷ್ಟೂ ಇರಲ್ಲ, ಒಣಗಿದ ಎಲೆ ಮೇಲೆ ಕೂತಿರ್ತದೆ. ಜ್ವರದವನ ತಟ್ಟೆ ತೊಳೆದ್ರೆ ಬರಲ್ಲ, ಪಕ್ಕ ಮಲಗಿದ್ರೆ ಬರಲ್ಲ.

ಇದನ್ನ ಎಷ್ಟು ಸಾವಿರ ಸಲ ಹೇಳಿದ್ದೀನೋ. ಆದ್ರೂ ನಮ್ಮೂರಲ್ಲಿ ಒಂದು ಮನೆಗೆ ಕಾಯಿಲೆ ಬಂದ ವರ್ಷ ಹಾಲಿನ ಡೈರಿಯಲ್ಲಿ ಅವರ ಕ್ಯಾನು ಬೇರೆ ಇಟ್ಟರು. ಯಾರೂ ಹೇಳಿ ಇಟ್ಟದ್ದಲ್ಲ, ಸುಮ್ಮನೆ ಒಂದು ಮೊಳ ದೂರ. ಆ ಮನೆಯ ಹುಡುಗನಿಗೆ ಶಾಲೆಯಲ್ಲಿ 'ಮಂಗ' ಅಂತಲೇ ಹೆಸರಾಯ್ತು. ಮೊದಲೇ ನಮ್ಮ ಭಾಷೆಯಲ್ಲಿ ಮಂಗ ಅಂದ್ರೆ ಬೈಗುಳ. ಅದರ ಮೇಲೆ ಕಾಯಿಲೆಗೂ ಆ ಹೆಸರು. ಹುಡುಗ ಎಸ್ಸೆಸ್ಸೆಲ್ಸಿ ಪೂರ್ತಿ ಮಾಡಲಿಲ್ಲ.

ಮತ್ತೆ ಹೆಣ್ಣುಮಕ್ಕಳದ್ದು ಇನ್ನೊಂದು. ಗಂಡಿನ ಕಡೆಯವರು ನನ್ನ ಹತ್ರ ಬಂದು ಗುಟ್ಟಲ್ಲಿ ಕೇಳ್ತಾರೆ, 'ಆ ಹುಡುಗಿಗೆ ಜ್ವರ ಬಂದಿತ್ತಂತಲ್ಲ, ಮಕ್ಕಳಾಗೋದಕ್ಕೆ ತೊಂದ್ರೆ ಇಲ್ವಾ?' ಅಂತ. ನಾನು ಇಲ್ಲ ಅಂದ್ರೂ ಒಮ್ಮೊಮ್ಮೆ ಸಂಬಂಧ ಅಲ್ಲಿಗೇ ನಿಂತಿದ್ದಿದೆ.

---

ಕ್ಯಾಸನೂರು_ಪಕ್ಕ · ಸೋಮವಾರ, ಬೆಳಿಗ್ಗೆ 8:40

ಹೆಸರಿನ ವಿಷಯ ಬಂತಲ್ಲ, ಅದಕ್ಕೆ ನನ್ನದೊಂದು.

ನಮ್ಮದು ಸೊರಬ ತಾಲೂಕು. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು, ಜನ ಸತ್ತು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗದಿಂದ ಹೊಸ ವೈರಾಣು ತೆಗೆದರು. ಮಂಗ ಸಾಯ್ತಿದೆ ಅಂದ ಕೂಡಲೇ ಮೊದಲು ಅವರಿಗೆ ಬಂದ ಅನುಮಾನ ಹಳದಿ ಜ್ವರ ಅಂತ. ಆಫ್ರಿಕಾದ ಆ ಜ್ವರ ಇಂಡಿಯಾಕ್ಕೆ ಬಂದೇ ಬಿಟ್ಟಿತಾ ಅಂತ ಗಾಬರಿ. ಅಲ್ಲ ಅಂತ ಗೊತ್ತಾಯ್ತು, ನೋಡಿದ್ರೆ ರಷ್ಯಾ ಕಡೆಯ ಒಂದು ಉಣುಗು ಜ್ವರದ ಸಂಬಂಧಿ. ಅವತ್ತಿಂದ ಪ್ರಪಂಚದ ವೈದ್ಯ ಪುಸ್ತಕದಲ್ಲೆಲ್ಲ ನಮ್ಮೂರ ಹೆಸರು.

ನಾನು ಬೆಂಗಳೂರಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡುವಾಗ ಮೇಷ್ಟ್ರು ಈ ಪಾಠ ಮಾಡಿದರು. 'ಯಾರಾದ್ರೂ ಆ ಕಡೆಯವರಿದ್ದೀರಾ' ಅಂತ ಕೇಳಿದರು. ಕೈ ಎತ್ತಲಿಲ್ಲ ನಾನು. ನಮ್ಮ ದೊಡ್ಡಪ್ಪ ಅದೇ ಜ್ವರದಲ್ಲಿ ಹೋದವರು, ಅಪ್ಪ ಬಂದು ಉಳಿದವರು. ಹೇಳಬಹುದಿತ್ತು. ಇವತ್ತಿಗೂ ಆ ಕೈ ಎತ್ತದ್ದು ನೆನಪಾಗ್ತದೆ.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ರೋಗಗಳಿಗೆ ಊರು, ಪ್ರಾಣಿ, ಜನರ ಹೆಸರು ಇಡಬೇಡಿ ಅಂತ ಹೇಳಿತು. ನಮ್ಮದರಲ್ಲಿ ಇಂಗ್ಲಿಷಿಗೆ ಊರು (ಕ್ಯಾಸನೂರ್ ಫಾರೆಸ್ಟ್ ಡಿಸೀಸ್), ಕನ್ನಡಕ್ಕೆ ಪ್ರಾಣಿ. ಎರಡೂ ಆಗಿ ಹೋಗಿದೆ.

---

ನೇತ್ರಾವತಿ_ಮಾಸ್ತರು · ಸೋಮವಾರ, ಮಧ್ಯಾಹ್ನ 2:30

ಬೆಳ್ತಂಗಡಿಯ ನಿವೃತ್ತ ಶಿಕ್ಷಕ ನಾನು. ಘಟ್ಟದ ಮೇಲಿನವರಿಗೆ ಮಾತ್ರ ಇದು ಅಂತ ಭಾವಿಸಬೇಡಿ ಮಾರಾಯ್ರೇ. 1982-83ರ ಹೊತ್ತಿಗೆ ನಮ್ಮ ತಾಲೂಕಿನಲ್ಲಿ ಬಂದದ್ದು ಮರೆಯುವ ಹಾಗಿಲ್ಲ. ಗೇರು ತೋಟ ಮಾಡ್ಲಿಕ್ಕೆ ಅಂತ ಕಾಡು ಕಡಿದಿದ್ದರು. ಕಡಿದ ಕಾಡಿನಲ್ಲಿ ಕೆಲಸಕ್ಕೆ ಹೋದವರು ಮಲಗಿದರು.

ನಾನು ಆಗ ಹೊಸದಾಗಿ ಕೆಲಸಕ್ಕೆ ಸೇರಿದವ. ಶಾಲೆಗೆ ಮಕ್ಕಳು ಬರುವುದು ನಿಂತಿತು. ಕೆಲವು ಮನೆಗಳಲ್ಲಿ ದುಡಿಯುವ ಜೀವ ಹೋಗಿ, ಉಳಿದವರು ಎದ್ದು ಕೂರ್ಲಿಕ್ಕೇ ಎರಡು ಮೂರು ತಿಂಗಳು. ಆಗ ಮನಸ್ಸಿನ ವಿಷಯ ಯಾರು ಕೇಳ್ತಾರೆ? ದೈವಕ್ಕೆ ಹರಕೆ ಹೇಳಿದರು, ಕಾಡು ಕಡಿದ ಸಿಟ್ಟು ಅಂತ ಕೆಲವರು ಹೇಳಿದರು. ಒಂದು ಲೆಕ್ಕದಲ್ಲಿ ಅದೂ ಸುಳ್ಳಲ್ಲವಲ್ಲ.

ನನ್ನ ವಿದ್ಯಾರ್ಥಿಯೊಬ್ಬ, ಆಗ ಏಳನೇ ಕ್ಲಾಸು, ತಾಯಿ ಹೋದಳು, ಅವನು ಉಳಿದ. ಈಗ ಅವನಿಗೆ ಐವತ್ತು ದಾಟಿದೆ, ಮಂಗಳೂರಿನಲ್ಲಿ ಒಳ್ಳೆ ಹೋಟೆಲು ಉಂಟು. ಕಳೆದ ವರ್ಷ ಸಿಕ್ಕಿದ. ಊರಿಗೆ ಬಂದರೆ ಈಗಲೂ ಗುಡ್ಡೆ ಕಡೆಯ ಕಿಟಕಿ ತೆರೆದು ಮಲಗುವುದಿಲ್ಲವಂತೆ. ನಲವತ್ತು ವರ್ಷ ಆಯ್ತು. ಹೇಳಿ ನಗಾಡಿದ, ನಾನೂ ನಗಾಡಿದೆ, ಆಮೇಲೆ ಇಬ್ಬರಿಗೂ ಏನು ಮಾತಾಡುವುದು ಅಂತ ಗೊತ್ತಾಗದೆ ಚಾ ಕುಡಿದೆವು.

---

ಶರಾವತಿ_ಹಿನ್ನೀರು · ಸೋಮವಾರ, ರಾತ್ರಿ 9:12

ಎಲ್ಲ ಓದಿದೆ. ಎರಡು ಸಲ ಬರೆದು ಅಳಿಸಿದೆ. ಮೂರನೇ ಸಲ ಕಳಿಸ್ತಿದ್ದೀನಿ.

ನಾನು ಪೀಣ್ಯದಲ್ಲಿ ಕೆಲಸ ಮಾಡೋನು, ಊರು ಸಾಗರದ ಕಡೆ. ನಮ್ಮವ್ವನೂ ಹೆಗಡೇರ ಬೆಟ್ಟಕ್ಕೆ ದರಕು ಗುಡಿಸೋಕೆ ಹೋಗ್ತಿದ್ದೋಳು. ನಮ್ಮವ್ವನಿಗೆ ಕಾಯಿಲೆ ಬಂತು, ಉಳಿದ್ಲು. ಬೆಟ್ಟದಮನೆಯವರೇ, ನೀವು ಬೆಟ್ಟಕ್ಕೆ ಹೋಗೋದು ಬಿಟ್ಟೆ ಅಂತ ಬರೆದ್ರಿ. ನಮ್ಮವ್ವ ಜ್ವರ ಬಿಟ್ಟ ಎರಡೇ ತಿಂಗಳಿಗೆ ಮತ್ತೆ ಅದೇ ಬೆಟ್ಟಕ್ಕೆ ಹೋದ್ಲು. ಹುಲ್ಲು, ನಾರು ದುಡ್ಡು ಕೊಟ್ಟು ತರೋಕೆ ನಮ್ಮ ಹತ್ರ ದುಡ್ಡಿರಲಿಲ್ಲ. ಕೈ ನಡುಗುತ್ತೆ ಅಂತ ಹೊರೆ ಸಣ್ಣದು ಕಟ್ತಿದ್ಲು, ಹೊರೆ ಸಣ್ಣ ಅಂತ ಕೂಲಿ ಕಮ್ಮಿ.

ಭಯ ಇರಲಿಲ್ವಾ ಅಂದ್ರೆ ಇತ್ತು. ರಾತ್ರಿ ಚಾಪೆ ಮೇಲೆ ಕೂತು ಸೀರೆ ಅಂಚು ಪೂರ್ತಿ ಬೆರಳಲ್ಲಿ ತಡವಿ ತಡವಿ ನೋಡ್ತಿದ್ಲು, ಕಣ್ಣು ಸರಿ ಕಾಣ್ತಿರಲಿಲ್ಲ ಅವಳಿಗೆ. ನೀವು ಮಗಳಿಗೆ ಬ್ಯಾಟರಿ ಬಿಟ್ಟು ನೋಡ್ತೀನಿ ಅಂದಾಗ ನನಗೆ ಅದೇ ಬಂತು ಕಣ್ಣ ಮುಂದೆ.

ಲಾಸ್ಟಿಗೆ 'ಒಬ್ಬ ಹೆಂಗಸು ತೀರಿಕೊಂಡರು, ಅದರದ್ದೂ ಒಂದು ಇದೆ' ಅಂತ ಬರೆದು ನಿಲ್ಲಿಸಿದ್ದೀರಿ. ಏನದು? ಅದೊಂದು ಅಂದ್ರೆ ಏನು? ನಿಮಗೆ ಮಣಿಪಾಲಕ್ಕೆ ಹೋಗೋಕೆ ಕಾರಿತ್ತು. ಅವರಿಗೆ ಏನಿತ್ತು?

---

ನಿರ್ವಾಹಕ · ಸೋಮವಾರ, ರಾತ್ರಿ 9:40

ಪ್ರಶ್ನೆ ಖಾರವಾಗಿದ್ದರೂ ನಿಯಮದೊಳಗೇ ಇದೆ, ಉಳಿಸಿದ್ದೇನೆ. ಊರು, ಮನೆತನ, ವ್ಯಕ್ತಿಗಳ ಹೆಸರು ಯಾರೂ ಹಾಕಬೇಡಿ. 'ಪೇಟೆಯಲ್ಲಿ ಕೂತು' ಎಂದು ಶುರುವಾದ ಎರಡು ಉತ್ತರ ತೆಗೆದಿದ್ದೇನೆ.

---

ಬೆಟ್ಟದಮನೆ · ಮಂಗಳವಾರ, ಬೆಳಗಿನ ಜಾವ 3:48

ನೀವು ಕೇಳಿದ್ದು ಸರಿ. ಅದನ್ನು ಬರೆಯೋಕೆ ಅಂತಲೇ ಶುರು ಮಾಡಿದ್ದು, ಬರೀಲಿಕ್ಕೆ ಬರಲಿಲ್ಲ.

ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಬರ್ತಿದ್ದವರು. ನನ್ನ ಮದುವೆಯಲ್ಲಿ ಬಾಳೆಲೆ ಒರೆಸಿದವರು. ನಮ್ಮ ಬೆಟ್ಟದ ಮೇಲ್ತುದಿಯಲ್ಲಿ ಮಂಗ ಸತ್ತಿದೆ ಅಂತ ನನಗೆ ಗೊತ್ತಿತ್ತು. ಎರಡು ದಿನ ಮೊದಲೇ ವಾಸನೆ ಬಂದಿತ್ತು. ಪಂಚಾಯ್ತಿಗೆ ಹೇಳಬೇಕು ಅಂದ್ಕೊಂಡೆ. ಹೇಳಿದ್ರೆ ಬೆಟ್ಟಕ್ಕೆ ಯಾರೂ ಹೋಗಬೇಡಿ ಅಂತಾರೆ, ಅಡಿಕೆ ಕೊನೆ ಕೊಯ್ಯೋ ಕೊನೆಗೌಡರು ಬರೋ ಹೊತ್ತು, ತೋಟಕ್ಕೆ ದರಕು ಆಗಿಲ್ಲ, ಈ ವಾರ ಮುಗಿಸಿ ಹೇಳಿದ್ರಾಯ್ತು ಅಂತ. 'ಮೇಲೆ ಹೋಗಬೇಡಿ, ಕೆಳಗಿನ ಭಾಗದಲ್ಲಿ ಗುಡಿಸಿ' ಅಂದೆ. ಮಂಗ ಸತ್ತಿದೆ ಅನ್ನಲಿಲ್ಲ. ನಾನೂ ಜತೆಗೇ ಇದ್ದೆ, ಅದು ನಿಜ. ಅದು ನಿಜ ಅಂತ ನನಗೆ ನಾನೇ ಆರು ವರ್ಷದಿಂದ ಹೇಳ್ಕೋತಿದ್ದೀನಿ.

ಲಸಿಕೆ ನಾನು ಒಂದೇ ಡೋಸ್ ಹಾಕಿಸಿಕೊಂಡಿದ್ದೆ. ತೋಳು ಊದಿ ಎರಡು ದಿನ ಕೆಲಸ ಆಗಲಿಲ್ಲ, ಎರಡನೇದಕ್ಕೆ ಹೋಗಲಿಲ್ಲ. ಅವರು ಒಂದನ್ನೂ ಹಾಕಿಸಿಕೊಂಡಿರಲಿಲ್ಲ, ಕೂಲಿ ತಪ್ಪುತ್ತೆ ಅಂತ. ನಾನು ರಜೆ ಕೊಟ್ಟು ಕಳಿಸಬಹುದಿತ್ತು.

ನನಗೆ ಜ್ವರ ಬಂದ ಮೂರನೇ ದಿನಕ್ಕೆ ಅವರಿಗೆ ಬಂತಂತೆ. ನಾನು ಆಸ್ಪತ್ರೆಯಲ್ಲಿದ್ದಾಗಲೇ ಹೋದರು. ನನಗೆ ಒಂದು ತಿಂಗಳು ಯಾರೂ ಹೇಳಲಿಲ್ಲ. ಗೊತ್ತಾದ ಮೇಲೆ ಅವರ ಮನೆಗೆ ಹೋಗಬೇಕಿತ್ತು. ಇನ್ನೂ ಹೋಗಿಲ್ಲ. ಅವರ ಗಂಡ ಸಂತೆಯಲ್ಲಿ ಕಂಡ್ರೆ ನಾನು ಇನ್ನೊಂದು ಸಾಲಿಗೆ ತಿರುಗ್ತೀನಿ.

ನನ್ನ ಹೆಂಡತಿಗೂ ಮಂಗ ಸತ್ತ ವಿಷಯ ಗೊತ್ತಿಲ್ಲ. ಇಲ್ಲಿ ಬರೆದಿದ್ದೇ ಮೊದಲು.

---

ಸೊಸೆ_ಹೊಸನಗರ · ಮಂಗಳವಾರ, ಬೆಳಿಗ್ಗೆ 7:02

ಅಣ್ಣ, ಓದಿದೆ. ಏನು ಬರೀಬೇಕೋ ತಿಳೀತಿಲ್ಲ. ಓದಿದ್ದೀನಿ ಅಂತ ಹೇಳೋಕೆ ಬರೆದೆ.

---

ಮನೋವೈದ್ಯೆ_ಉಡುಪಿ · ಮಂಗಳವಾರ, ರಾತ್ರಿ 8:30

ಕೆಲಸ ಮುಗಿಸಿ ಈಗ ಕೂತೆ. ನಾನು ಮನೋವೈದ್ಯೆ. ಇಲ್ಲಿ ಯಾರಿಗೂ ರೋಗ ನಿರ್ಧಾರ ಮಾಡುವುದಿಲ್ಲ, ಅದು ಎದುರು ಕೂತು ಆಗಬೇಕಾದ ಕೆಲಸ. ಆದರೆ ಈ ಚರ್ಚೆಯಲ್ಲಿ ಮೂರು ಬೇರೆ ಬೇರೆ ವಿಷಯ ಒಂದೇ ಚೀಲಕ್ಕೆ ಬಿದ್ದಿವೆ, ಅವನ್ನು ಬಿಡಿಸಿ ನೋಡಿದರೆ ಉಪಯೋಗ.

ಒಂದು, ವೈರಾಣು ಮಾಡಿದ್ದು. ಈ ಕಾಯಿಲೆಯಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಜನರಿಗೆ ಜ್ವರ ಬಿಟ್ಟು ಒಂದೆರಡು ವಾರ ಆದ ಮೇಲೆ ಎರಡನೇ ಸುತ್ತು ಬರುತ್ತದೆ. ಅದು ಮಿದುಳು, ನರಗಳ ಸುತ್ತು: ವಿಪರೀತ ತಲೆನೋವು, ನಡುಕ, ದೃಷ್ಟಿ ತೊಂದರೆ, ಗೊಂದಲ. ಬೆಟ್ಟದಮನೆಯವರಿಗೆ ಆದದ್ದು ಅದೇ ಎಂದು ಅವರ ಮಾತಿನಿಂದ ಅನಿಸುತ್ತದೆ. ಸೊಸೆ ಅವರೇ, ನಿಮ್ಮ ಯಜಮಾನರಿಗೆ ಲೆಕ್ಕ ತಪ್ಪುವುದು, ಸಿಟ್ಟು, ಹೆಸರು ಮರೆಯುವುದು ಜ್ವರದ ನಂತರವೇ ಶುರುವಾಗಿದ್ದರೆ ನರರೋಗ ತಜ್ಞರೂ ನೋಡಬೇಕು. ಅದನ್ನು 'ಗುಣ ಕೆಟ್ಟಿತು' ಅಂತ ಮನೆಯವರು ತಿಳಿದು ವರ್ಷಗಟ್ಟಲೆ ಜಗಳ ಆಡುವುದನ್ನು ನೋಡಿದ್ದೇನೆ. ಗುಣ ಅಲ್ಲ, ಗಾಯ.

ಎರಡನೆಯದು ಭಯದ ನೆನಪು. ಸಾವಿನ ಬಾಗಿಲಿಗೆ ಹೋಗಿ ಬಂದ ಮನಸ್ಸು ಕಾವಲಿಗೆ ನಿಂತುಬಿಡುತ್ತದೆ. ಡಿಸೆಂಬರ್ ಬಂದರೆ ನಿದ್ದೆ ಹೋಗುವುದು, ಬೆಟ್ಟದ ಕಡೆ ಕಾಲಿಡದಿರುವುದು, ಮಗಳ ಮೈ ಹುಡುಕುವುದು. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಮಾತಿನದ್ದೂ ಔಷಧಿಯದ್ದೂ. ಇಲ್ಲೊಂದು ತೊಡಕು ಮಾತ್ರ ಒಪ್ಪಿಕೊಳ್ಳಬೇಕು. ಸಾಮಾನ್ಯವಾಗಿ ನಾವು 'ಅಪಾಯ ಕಳೆದಿದೆ, ಈಗ ನೀವು ಸುರಕ್ಷಿತ' ಎಂದು ಹೇಳಿ ಶುರು ಮಾಡುತ್ತೇವೆ. ಮಲೆನಾಡಿನವರಿಗೆ ಹಾಗೆ ಹೇಳುವಂತಿಲ್ಲ. ಉಣುಗು ಇದೆ, ಪ್ರತಿ ಬೇಸಿಗೆ ಬರುತ್ತದೆ. ಹಳೆಯ ಲಸಿಕೆ 2022ರಿಂದ ನಿಂತಿದೆ, ಹೊಸದರ ತಯಾರಿ ನಡೆದಿದೆ. ಕಾಯಿಲೆಗೆ ಅಂತಲೇ ಔಷಧಿ ಇಲ್ಲ. ಹಾಗಾಗಿ ಎಷ್ಟು ಭಯ ಬೇಕು, ಎಲ್ಲಿಂದಾಚೆ ಅದು ರೋಗ ಎಂದು ರೋಗಿಯ ಜತೆ ಕೂತು ಅಳೆಯಬೇಕಾಗುತ್ತದೆ. ಕಾಡಿಗೆ ಹೋಗಿ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಒಮ್ಮೆ ಮೈ ನೋಡಿಕೊಳ್ಳುವುದು ಜಾಣತನ. ಕಾಡಿಗೇ ಹೋಗದ ಮಗುವನ್ನು ದಿನವೂ ಅರ್ಧ ಗಂಟೆ ಹುಡುಕುವುದು ಆ ಮಗುವಿಗೆ ಇನ್ನೊಂದು ಕಾಯಿಲೆ ಅಂಟಿಸುತ್ತದೆ. ಹನ್ನೆರಡು ವರ್ಷದ ಹುಡುಗಿ, ಅವಳೇ ನೋಡಿಕೊಳ್ಳಲಿ, ಅಥವಾ ಅಮ್ಮ.

ಮೂರನೆಯದು ತಪ್ಪಿತಸ್ಥ ಭಾವ. ಇದರಲ್ಲಿ ನಾನು ಸುಲಭದ ಮಾತು ಆಡುವುದಿಲ್ಲ. ನಮ್ಮ ವೃತ್ತಿಯಲ್ಲಿ 'ನಿಮ್ಮ ತಪ್ಪೇನೂ ಇಲ್ಲ' ಎನ್ನುವುದು ಬಾಯಿಗೆ ತಕ್ಷಣ ಬರುವ ಮಾತು. ಬೆಟ್ಟದಮನೆಯವರು ಬರೆದಿರುವುದನ್ನು ಓದಿ ಹಾಗೆ ಹೇಳಿದರೆ ಅವರೇ ನಂಬುವುದಿಲ್ಲ, ಹಿನ್ನೀರಿನವರೂ ನಂಬುವುದಿಲ್ಲ. ಉಣುಗು ಕಚ್ಚಿದ್ದು ಮೇಲ್ತುದಿಯಲ್ಲೋ ಕೆಳಗೋ, ಆ ದಿನವೋ ಹಿಂದಿನ ದಿನವೋ ಯಾರಿಗೂ ತಿಳಿಯದು, ಅಷ್ಟು ಮಾತ್ರ ನಿಜ. ಉಳಿದದ್ದು ವೈದ್ಯರ ಕೈಯಲ್ಲಿಲ್ಲ.

ಎಲ್ಲಿಗೆ ಹೋಗುವುದು ಎಂದು ಕೇಳಿದ್ದೀರಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ, ನಿಮ್ಮಲ್ಲಿ ಯಾವ ವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ರಾತ್ರಿ ಮೂರೂ ಮುಕ್ಕಾಲಿಗೆ ಎಚ್ಚರವಿದ್ದು ಯಾರೂ ಇಲ್ಲ ಅನಿಸಿದರೆ 14416, ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

---

ಕಾಫಿಪುಡಿ_ಗೌಡ · ಮಂಗಳವಾರ, ರಾತ್ರಿ 9:55

ಪ್ರಾಣಾಯಾಮ ಅಂದಿದ್ದು ನಾನು. ವಾಪಸ್ ತಗೋತೀನಿ. ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ಭಾವ ಹೋದ್ರು, ಅದೇ ವಾರ್ಡಲ್ಲಿದ್ದ ನಾನು ಬಂದೆ. ಅಕ್ಕನ ಮನೆಗೆ ಹೋದ್ರೆ ಈಗಲೂ ಹಾಲ್‌ನಲ್ಲಿ ಕೂರೋಕಾಗಲ್ಲ, ಹಿತ್ತಲಿಗೆ ಹೋಗಿ ನಿಲ್ತೀನಿ. ಸಿಗರೇಟಿಗೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಬಿಟ್ಟು ನಾಲ್ಕು ವರ್ಷ ಆಯ್ತು.

---

ಆಶಾ_ಅಕ್ಕ · ಬುಧವಾರ, ಬೆಳಿಗ್ಗೆ 5:50

ಡಾಕ್ಟರಮ್ಮ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸತ್ತವರ ಲೆಕ್ಕ ನಮ್ಮ ರಿಜಿಸ್ಟರಲ್ಲಿ ಇದೆ, ಪಾಸಿಟಿವ್ ಬಂದವರ ಲೆಕ್ಕ ಇದೆ. ಗುಣವಾದವರ ಹೆಸರಿನ ಮುಂದೆ ಒಂದು ರೈಟ್ ಮಾರ್ಕು. ಆ ಮಾರ್ಕಿನ ಆಚೆ ಏನಾಯ್ತು ಅಂತ ಬರೆಯೋ ಕಾಲಂ ಇಲ್ಲ. ನಾನು ಸ್ವಂತಕ್ಕೆ ಒಂದು ನೋಟ್‌ಬುಕ್ಕಲ್ಲಿ ಬರೀತೀನಿ: ಇವರು ಕೆಲಸಕ್ಕೆ ಹೋಗ್ತಿದ್ದಾರಾ, ಊಟ ಸರಿಯಾ, ಕುಡಿಯೋಕೆ ಶುರು ಮಾಡಿದ್ರಾ. ಯಾರೂ ಕೇಳಿಲ್ಲ ಆ ಪುಸ್ತಕ.

ಇನ್ನೊಂದು ಹೇಳಬೇಕು, ಬೆಟ್ಟದಮನೆಯವರು ಬರೆದಿದ್ದಕ್ಕೆ. ಮಂಗ ಸತ್ತದ್ದು ಹೇಳದವರು ನೀವೊಬ್ಬರೇ ಅಲ್ಲ. ನಮ್ಮ ಕಡೆ ಮಂಗ ಸತ್ರೆ ಕೆಲವರು ತೆಂಗಿನಕಾಯಿ ಇಟ್ಟು, ಹೂ ಹಾಕಿ, ತಾವೇ ಮಣ್ಣು ಮಾಡ್ತಾರೆ. ಹನುಮಂತ ಅಂತ. ಬೈಯೋಕೆ ಮನಸ್ಸು ಬರಲ್ಲ, ಆದ್ರೆ ಸತ್ತ ಮಂಗದಿಂದ ಉದುರಿದ ಉಣುಗು ಅಲ್ಲೇ ಇರ್ತದೆ. ಇನ್ನು ಕೆಲವರು ತೋಟದ ಕೆಲಸ ನಿಲ್ತದೆ ಅಂತಲೇ ಹೇಳಲ್ಲ. ಇವತ್ತು ಇದನ್ನ ಓದಿದವರು ಈ ವರ್ಷ ಫೋನು ಮಾಡ್ಲಿ ಅಂತ ಬರೆದೆ, ನಿಮ್ಮನ್ನ ಚುಚ್ಚೋಕಲ್ಲ.

---

ಶರಾವತಿ_ಹಿನ್ನೀರು · ಬುಧವಾರ, ರಾತ್ರಿ 10:03

ಬೆಟ್ಟದಮನೆಯವರೇ. ನೀವು ಅಷ್ಟು ಬರೀತೀರಿ ಅಂತ ನಾನು ಅಂದ್ಕೊಂಡಿರಲಿಲ್ಲ. ಸಿಟ್ಟು ಕಮ್ಮಿ ಆಯ್ತು ಅಂತ ಹೇಳಲ್ಲ, ಆಗಿಲ್ಲ.

ನಮ್ಮವ್ವನಿಗೆ ಫೋನಲ್ಲಿ ಓದಿ ಹೇಳಿದೆ, ಯಾರು ಏನು ಅಂತ ಹೇಳದೆ. ಪೂರ್ತಿ ಕೇಳಿ 'ಅವರ ಮನೆಗೆ ಹೋದ್ರಂತಾ' ಅಂದ್ಲು. ಇಲ್ಲ ಅಂದೆ. 'ಹೋಗ್ಬೇಕಿತ್ತು' ಅಂದ್ಲು. ಬೇರೆ ಏನೂ ಹೇಳಲಿಲ್ಲ, ಕೋಳಿ ಗೂಡು ಹಾಕಬೇಕು ಅಂತ ಇಟ್ಟುಬಿಟ್ಲು.

---

ಸೊಸೆ_ಹೊಸನಗರ · ಶುಕ್ರವಾರ, ಮಧ್ಯಾಹ್ನ 3:20

ನಮ್ಮವರನ್ನ ಮುಂದಿನ ಮಂಗಳವಾರಕ್ಕೆ ಒಪ್ಪಿಸಿದ್ದೀನಿ. 'ಹುಚ್ಚರ ಡಾಕ್ಟ್ರಾ' ಅಂದ್ರು. ತಲೆನೋವಿನ ಡಾಕ್ಟ್ರು ಅಂದೆ. ಸುಳ್ಳೇನಲ್ಲ ಅಲ್ವಾ ಡಾಕ್ಟರೇ?

---

ಮನೋವೈದ್ಯೆ_ಉಡುಪಿ · ಶುಕ್ರವಾರ, ಸಂಜೆ 6:10

ಸುಳ್ಳಲ್ಲ. ಡಿಸ್ಚಾರ್ಜ್ ಸಮ್ಮರಿ ಮರೆಯದೆ ಒಯ್ಯಿರಿ. ಲೆಕ್ಕ ತಪ್ಪುವ ವಿಷಯ ಅವರ ಎದುರೇ ನೀವು ಹೇಳಿದರೆ ಅವರಿಗೆ ನೋವಾಗಬಹುದು, ಒಂದು ಚೀಟಿಯಲ್ಲಿ ಬರೆದು ಕೊಡಿ.

---

ಬೆಟ್ಟದಮನೆ · ಭಾನುವಾರ, ರಾತ್ರಿ 9:35

ಹೆಂಡತಿಗೆ ಹೇಳಿದೆ ಗುರುವಾರ. ಅವಳು ಆ ದಿನ ನನ್ನ ಜತೆ ಮಾತಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ದೋಸೆ ಹಾಕ್ತಾ 'ಭಾನುವಾರ ಅವರ ಗಂಡ ಮನೇಲಿ ಇರ್ತಾರೆ' ಅಂದಳು.

ಇವತ್ತು ಹೋಗಿದ್ದೆ. ಒಬ್ಬನೇ. ಅವರ ಮನೆ ಬೆಟ್ಟದ ಆಚೆ, ರಸ್ತೆಯಲ್ಲಿ ಸುತ್ತಿ ಹೋದ್ರೆ ನಾಲ್ಕು ಕಿಲೋಮೀಟರ್, ಬೆಟ್ಟ ಹಾದು ಹೋದ್ರೆ ಹತ್ತು ನಿಮಿಷ. ಸುತ್ತಿಯೇ ಹೋದೆ.

'ಬನ್ನಿ ಹೆಗಡೇರೇ' ಅಂದರು, ಕುರ್ಚಿ ಒರೆಸಿ ಹಾಕಿದರು. ಅವರು ಕೆಳಗೆ ಕೂರೋಕೆ ಹೋದರು, ನಾನೂ ಜಗಲಿ ಮೇಲೆ ಕೂತೆ. ಕುರ್ಚಿ ಖಾಲಿ ಉಳೀತು. ನಾನು ಮಂಗದ ವಿಷಯ ಹೇಳಿದೆ. ಎಲ್ಲ ಹೇಳಿದೆ. ಅವರು ತುಂಬ ಹೊತ್ತು ಎಲೆ ಅಡಿಕೆ ಹಾಕ್ತಾ ಇದ್ದರು. 'ವಾಸನೆ ಅವಳಿಗೂ ಬಂದಿತ್ತು' ಅಂದರು. 'ಮನೆಗೆ ಬಂದು ಹೇಳಿದ್ಲು. ನಾಳೆ ಹೋಗಬೇಡ ಅಂದೆ. ಹೆಗಡೇರ ಮನೇಲಿ ದರಕು ಆಗಿಲ್ಲ ಅಂದ್ಲು.'

ನನಗೆ ಅಲ್ಲಿಂದ ಎದ್ದು ಬರಬೇಕು ಅನಿಸ್ತು. ಕೂತೇ ಇದ್ದೆ. ಅವರ ಸೊಸೆ ಬೆಲ್ಲದ ಕಾಫಿ ತಂದಿಟ್ಟಳು, ಅದರ ಜತೆ ಒಂದು ಲೋಟ ನೀರು.

ಹೊರಡೋ ಹೊತ್ತಿಗೆ ಅವರು ಒಂದು ಮಾತು ಕೇಳಿದರು. 'ಆ ವಾರದ್ದು ಮೂರು ದಿನದ ಕೂಲಿ ಬಾಕಿ ಇತ್ತು ಹೆಗಡೇರೇ. ಶನಿವಾರ ಕೊಡ್ತೀನಿ ಅಂದಿದ್ರಂತೆ.'

ಹೌದು. ಶನಿವಾರ ನಾನು ಆಸ್ಪತ್ರೆಯಲ್ಲಿದ್ದೆ. ಆಗಿನ ಲೆಕ್ಕದಲ್ಲಿ ದಿನಕ್ಕೆ 300. ಜೇಬಲ್ಲಿ ದುಡ್ಡಿತ್ತು, ಎರಡು ಸಾವಿರದ ಮೇಲೇ ಇತ್ತು. ಎಷ್ಟು ಕೊಡಬೇಕು ಅಂತ ತಿಳೀದೆ ನಿಂತೆ. ಜಾಸ್ತಿ ಕೊಟ್ರೆ ಅದಕ್ಕೆ ಬೇರೆ ಅರ್ಥ ಬರ್ತದೆ. ಒಂಬೈನೂರು ಎಣಿಸಿ ಕೊಟ್ಟೆ. ಅವರೂ ಎಣಿಸಿ, ಒಳಗೆ ಹೋಗಿ ಎಲ್ಲೋ ಇಟ್ಟು ಬಂದರು.

---

ಶರಾವತಿ_ಹಿನ್ನೀರು · ಭಾನುವಾರ, ರಾತ್ರಿ 11:20

ಸರಿ ಕೊಟ್ರಿ.

---

ಆಶಾ_ಅಕ್ಕ · ಸೋಮವಾರ, ಬೆಳಿಗ್ಗೆ 6:00

ಬೆಟ್ಟದಮನೆಯವರೇ, ಅವರ ಸೊಸೆ ಈಗ ಯಾರ ಬೆಟ್ಟಕ್ಕೆ ಹೋಗ್ತಾಳೆ ಅಂತ ಕೇಳಿದ್ರಾ? ದೀಪಾ ಎಣ್ಣೆ ಇದೆಯಾ ಅವರ ಮನೇಲಿ? ಇಲ್ಲದಿದ್ರೆ ನಿಮ್ಮ ಕಡೆಯ ಆಶಾ ಹತ್ರ ಕೇಳಿ, ಈ ತಿಂಗಳು ಬಂದಿರ್ತದೆ.